ಬಕ್ಕೇಶಪ್ಪನವರ ಬಂಗಾರದ ಅಕ್ಷರ

"ಇದನ್ನ ತೊಳೆದವರು ಯಾರು?!"

ಮೀನಾಕ್ಷಿಯ ಕೂಗಿಗೆ ವಿನೋಬನಗರದ ಆ ಪುಟ್ಟ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ಟೈಪ್ ಕಲಿಯುತ್ತಿದ್ದ ಹನ್ನೆರಡೂ ಜನ ಒಮ್ಮೆಲೇ ಕೈ ನಿಲ್ಲಿಸಿದರು.

ಎದುರಿಗಿದ್ದ ಆಸಾಮಿ ಮಾತ್ರ ನಗುನಗುತ್ತಲೇ ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಯ ಮೇಲೆ ವಿಭೂತಿ. ಹಳೆಯ ಕಂಪ್ಯೂಟರ್ ಪೆಟ್ಟಿಗೆಯೊಂದನ್ನು ಕೂಸಿನ ಹಾಗೆ ಕಂಬಳಿಯಲ್ಲಿ ಸುತ್ತಿಕೊಂಡು ಬಂದು ಅವಳ ಮೇಜಿನ ಮೇಲೆ ಇಳಿಸಿದ್ದ.

"ನಾನೇ ರೀ ಮೇಡಂ," ಎಂದ ಹೆಮ್ಮೆಯಿಂದ. "ನಿಮ್ಮಂಥೋರ ಮುಂದೆ ಇಡೋದು, ಹೊಲಸು ಇರಬಾರ್ದಲ್ಲ! ಎರಡು ವರ್ಷದ ಆಯುಧಪೂಜೆ ವಿಭೂತಿ, ಕುಂಕುಮ ಎಲ್ಲಾ ಒಳಗೇ ಹತ್ಕೊಂಡಿತ್ತು. ಒಂದೊಂದೂ ಬಿಚ್ಚಿ ಹುಣಸೆಹಣ್ಣು ಹಚ್ಚಿ ತಿಕ್ಕೀನಿ. ಹೆಂಗೆ ಹೊಳೀತೈತೆ ನೋಡ್ರಿ!"

"ಹುಣಸೆ... ಹಣ್ಣು...?"

"ಹ್ಞೂಂ ರೀ. ಆಮೇಲೆ ಎರಡು ಕೊಡ ನೀರು."

ಪಕ್ಕದ ಮೇಜಿನ ಶಹರ್ಬಾನು, ಮೀನಾಕ್ಷಿಯ ಜೊತೆಗೇ ಪಾಠ ಹೇಳುವವಳು, ದುಪಟ್ಟಾದ ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದಳು.

ಮೀನಾಕ್ಷಿ ತಲೆಯ ಮೇಲೆ ಕೈ ಹೊತ್ತು ಕೂತಳು. ಒಳಗಿನ ಹಸಿರು ಹಲಗೆಗಳೆಲ್ಲ ಹಬ್ಬದ ದಿನದ ತಂಬಿಗೆಯಂತೆ ಥಳಥಳ ಹೊಳೆಯುತ್ತಿದ್ದವು. ಒಂದರಲ್ಲೂ ಜೀವವಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಹಲಗೆ, ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು... ಅದರ ಮೇಲಿನ ಹೆಸರೂ, ನಂಬರೂ ಅಳಿಸಿ ನುಣ್ಣಗಾಗಿದ್ದವು.

"ದೇವರ ಸಾಮಾನು ತಿಕ್ಕಿದಂಗೆ ತಿಕ್ಕೀರಲ್ಲರೀ! ಕೊಂದೇಬಿಟ್ರಿ ಇದನ್ನ!"

ಅವನ ನಗು ಇಳಿದುಹೋಯಿತು. ಕಂಬಳಿಯ ಅಂಚನ್ನು ಬೆರಳಲ್ಲಿ ಹಿಸುಕುತ್ತ ನಿಂತ.

"ಇದು ನಮ್ಮಪ್ಪಂದು ರೀ," ಎಂದ ಮೆಲ್ಲಗೆ. "ಅವರು ಈಗಿಲ್ಲ."

ಮೀನಾಕ್ಷಿಯ ಕೋಪ ಅಲ್ಲಿಗೇ ತಣ್ಣಗಾಯಿತು. ಛೆ! ಎಂಥ ಮಾತಾಡಿಬಿಟ್ಟೆ ನಾನು...

"ಕೂಡ್ರಿ," ಎಂದಳು. "ಮೊದಲಿಂದ ಹೇಳ್ರಿ."

ಅವನ ಹೆಸರು ಮಹಾಂತೇಶ್. ಕೆ.ಬಿ. ಬಡಾವಣೆಯಲ್ಲಿ ಪ್ರಿಂಟಿಂಗ್ ಪ್ರೆಸ್. ಅವನ ತಂದೆ ಬಕ್ಕೇಶಪ್ಪನವರು ಮೂರು ವರ್ಷ ಸಂಜೆಸಂಜೆ ಈ ಕಂಪ್ಯೂಟರಿನ ಮುಂದೆ ಕೂತು, ಪರಿಚಯದ ಎಂಜಿನಿಯರೊಬ್ಬರು ಬರೆದುಕೊಟ್ಟ ಪ್ರೋಗ್ರಾಮಿನಲ್ಲಿ, ತಮ್ಮ ಕೈಬರಹವನ್ನೇ ಚುಕ್ಕಿಚುಕ್ಕಿಯಾಗಿ ಕೂರಿಸಿ ಕನ್ನಡದ ಅಕ್ಷರ ಮಾಡಿದ್ದರು. ಆ ಅಕ್ಷರದಲ್ಲೇ ಅರ್ಧ ದಾವಣಗೆರೆಯ ಲಗ್ನಪತ್ರಿಕೆಗಳು ಅಚ್ಚಾಗಿದ್ದವು. ಅವರು ತೀರಿಕೊಂಡ ಮೇಲೆ ಪ್ರೆಸ್ಸಿಗೆ ಹೊಸ ಕಂಪ್ಯೂಟರ್ ಬಂತು. ಹಳೆಯದರ ಮಾನಿಟರ್ ಒಡೆದು ಜಮಾಲ್ ಸಾಬರ ಗುಜರಿ ಅಂಗಡಿಗೆ ಹೋಯಿತು. ಪೆಟ್ಟಿಗೆ ಮಾತ್ರ ದೇವರ ಮಾಡದ ಪಕ್ಕ ಉಳಿಯಿತು.

"ಈಗ ನಮ್ಮನೇಲಿ ಲಗ್ನ ಐತ್ರಿ. ಪತ್ರಿಕೆ ಅಪ್ಪನ ಅಕ್ಷರದಾಗೇ ಆಗ್ಬೇಕು ಅಂತ ಅವ್ವನ ಹಟ. ಹಳೇ ಪತ್ರಿಕೆ ಸ್ಕ್ಯಾನ್ ಮಾಡಿ, ಅಕ್ಷರ ಕತ್ತರಿಸಿ ಜೋಡಿಸಿ ನೋಡ್ದೆ. ಇರುವೆ ತಿಂದಂಗೆ ಬಂತು. ಪತ್ರಿಕೆ ಅಚ್ಚಿಗೆ ಹಾಕೋಕೆ ಇನ್ನು ಇಪ್ಪತ್ತೇ ದಿನ. ಅಷ್ಟರಾಗ ಆಗ್ಲಿಲ್ಲಂದ್ರೆ ಬಜಾರದಾಗ ಸಿಗೋ ಅಕ್ಷರದಾಗ ಹೊಡೀಬೇಕು."

ಮೀನಾಕ್ಷಿ ಪೆಟ್ಟಿಗೆಯ ಮೂಲೆಗೆ ಕೈ ಹಾಕಿದಳು. ಮಾಡಿಟ್ಟ ಕೆಲಸವೆಲ್ಲ ಉಳಿಯುವ ಡಬ್ಬಿ ಅಲ್ಲಿತ್ತು, ಅದರ ಮೇಲೆ ಮಾತ್ರ ವಿಭೂತಿ ಹಾಗೇ ಮೆತ್ತಿಕೊಂಡಿತ್ತು.

"ಹಾರ್ಡ್ ಡಿಸ್ಕ್... ಇದನ್ನ ತೊಳೀಲಿಲ್ಲೇನ್ರಿ?"

"ಇಲ್ಲರೀ. ಸ್ಕ್ರೂ ಬರ್ಲಿಲ್ಲ. ತಪ್ಪಾತೇನು?"

"ಪುಣ್ಯಾತ್ಮ! ಆ ಸ್ಕ್ರೂಗೆ ಒಂದು ಹೂವು ಏರಿಸ್ರಿ!"

ಅವಳು ನಕ್ಕಳು. ಯಾಕೆ ಎಂದು ಗೊತ್ತಾಗದೆ ಅವನೂ ನಕ್ಕ. ಅವನು ನಕ್ಕಾಗ ಎಡಗೆನ್ನೆಯಲ್ಲಿ ಸಣ್ಣ ಗುಳಿ ಬೀಳುವುದನ್ನು ಮೀನಾಕ್ಷಿ ಬೇಡವೆಂದರೂ ನೋಡಿಬಿಟ್ಟಳು.

ಈ ಮೀನಾಕ್ಷಿ ಹರಿಹರದವಳು. ಅಪ್ಪ ದುರುಗಣ್ಣ ಕಾರ್ಖಾನೆಯಲ್ಲಿ ದಿನಗೂಲಿ, ಅವ್ವ ಕಾಳವ್ವ ಹೊಲದ ಕೆಲಸದವಳು. ಡಿಪ್ಲೊಮಾ ಮುಗಿಸಿ, ದಿನಾ ಬಸ್ಸಿನಲ್ಲಿ ದಾವಣಗೆರೆಗೆ ಬಂದು ಪಾಠ ಹೇಳುತ್ತಿದ್ದಳು. ಎರಡು ಸಾವಿರನೇ ಇಸವಿ ಬಂದರೆ ಕಂಪ್ಯೂಟರೆಲ್ಲ ಕೆಟ್ಟುಹೋಗ್ತಾವಂತೆ ಎಂದು ಊರೆಲ್ಲ ಮಾತಾಡಿಕೊಳ್ಳುತ್ತಿದ್ದ ಕಾಲ ಅದು. ಆದರೆ ಮಧ್ಯಾಹ್ನ ಕ್ಲಾಸು ಖಾಲಿಯಾದಾಗ ಅವಳು ಒಬ್ಬಳೇ ಕೂತು ಎರಡು ವರ್ಷದಿಂದ ಏನನ್ನೋ ಕಟ್ಟುತ್ತಿದ್ದಳು. ಅದು ಯಾತಕ್ಕೆ ಬರುತ್ತದೆ ಎಂದು ಕೇಳಿದರೆ ಅವಳಲ್ಲೇ ಉತ್ತರವಿರಲಿಲ್ಲ. ಇವತ್ತು ಉತ್ತರವೇ ಕಂಬಳಿ ಸುತ್ತಿಕೊಂಡು ಬಂದಿತ್ತು!

"ನಮ್ಮ ಕ್ಲಾಸಿನ ಈ ಕಂಪ್ಯೂಟರ್ ಒಳಗೆ ನಾನೊಂದು ಸುಳ್ಳು ಕಂಪ್ಯೂಟರ್ ಮಾಡೀನ್ರಿ," ಎಂದಳು ನಾಚಿಕೊಂಡು. "ಕಬ್ಬಿಣ ಇಲ್ಲ, ತಂತಿ ಇಲ್ಲ, ಬರೀ ಬರವಣಿಗೆ. ಆದ್ರೆ ಹಳೇ ಪ್ರೋಗ್ರಾಮಿಗೆ ಅದು ಗೊತ್ತಾಗಲ್ಲ. ತಾನು ತನ್ನ ಹಳೇ ಮನೇಲೇ ಇದ್ದೀನಿ ಅಂದ್ಕೊಂಡು ಕೆಲಸ ಮಾಡ್ತೈತೆ."

"ಒಂದರೊಳಗೆ ಇನ್ನೊಂದಾ?!"

"ಹ್ಞೂಂ. ನಮ್ಮೂರ ಹರಿಹರೇಶ್ವರ ಒಂದೇ ಮೂರ್ತ್ಯಾಗ ಇಬ್ಬರಾಗಿ ನಿಂತಿಲ್ವಾ, ಹಂಗೆ."

ಅವನು ಬಿಟ್ಟ ಕಣ್ಣು ಬಿಟ್ಟಂತೆ ಅವಳನ್ನೇ ನೋಡಿದ. "ಇದನ್ನ ನೀವೊಬ್ಬರೇ ಮಾಡೀರಾ? ಅಬ್ಬಾ...!"

ಎರಡು ವರ್ಷದಲ್ಲಿ ಹಾಗೆ ಬೆರಗಾಗಿ ನೋಡಿದವನು ಅವನೊಬ್ಬನೇ. ಅಷ್ಟು ಸಾಕಾಯಿತು ನೋಡಿ, ನಮ್ಮ ಹುಡುಗಿ ಕೆಲಸ ಒಪ್ಪಿಕೊಂಡೇಬಿಟ್ಟಳು.

ಆದರೆ ಒಂದು ತೊಡಕಿತ್ತು. ಅವಳ ಸುಳ್ಳು ಕಂಪ್ಯೂಟರಿಗೆ ಇನ್ನೂ ಕಣ್ಣಿರಲಿಲ್ಲ. ಗ್ರಾಫಿಕ್ಸ್ ಕಾರ್ಡೊಂದರ ವೇಷ ಅದಕ್ಕೆ ತೊಡಿಸಬೇಕು. ನಾಲ್ಕು ಬಣ್ಣದ ಸಿಜಿಎ ಇದೆ, ಒಂದೇ ಬಣ್ಣದ ಹರ್ಕ್ಯುಲಿಸ್ ಇದೆ, ಇನ್ನೂರೈವತ್ತಾರು ಬಣ್ಣದ ವಿಜಿಎ ಇದೆ. ಒಂದೊಂದರ ನಡೆನುಡಿಯೂ ಬೇರೆ. ಇಪ್ಪತ್ತು ದಿನದಲ್ಲಿ ಎಲ್ಲವನ್ನೂ ಕಟ್ಟಲಾಗದು. ಒಂದನ್ನು ಆರಿಸಬೇಕು. ಯಾವುದು ಎಂದು ಹೇಳಬೇಕಿದ್ದ ಹೆಸರನ್ನು ಹುಣಸೆಹಣ್ಣು ನುಂಗಿತ್ತು.

"ಕಲರ್ ರೀ!" ಎಂದ ಮಹಾಂತೇಶ್. "ಅಪ್ಪ ಎಲ್ಲಾರ ಮುಂದೂ ಹೇಳ್ತಿದ್ರು, ಊರಾಗ ಇಂಥ ಕಲರ್ ಮಷಿನ್ ಇನ್ನೊಂದಿಲ್ಲ ಅಂತ."

ಮರುದಿನ ಮೀನಾಕ್ಷಿ ಅವನ ತಾಯಿ ಕಸ್ತೂರಮ್ಮನನ್ನು ಪ್ರೆಸ್ಸಿನಲ್ಲೇ ಕಂಡು ಕೇಳಿದಳು. ಆಕೆ ಮೀನಾಕ್ಷಿಯ ಕೈ ಹಿಡಿದುಕೊಂಡರು.

"ನಂಗೇನು ತಿಳೀತೈತವ್ವ? ಚಾ ಕೊಡೋಕೆ ಹೋದಾಗ ನೋಡ್ತಿದ್ದೆ, ಅವರ ಅಕ್ಷರ ಬಂಗಾರ, ಬಂಗಾರ. ಪತ್ರಿಕೇನ ಮನೆ ಯಜಮಾನ ಕೈಯಾರೆ ಕೊಟ್ಟು ಕರೀಬೇಕು. ಈ ಮನೇಲಿ ಇದೇ ಮೊದಲ್ನೇ ಲಗ್ನ, ಕರೆಯೋಕೆ ಅವರಿಲ್ಲ. ಅವರ ಅಕ್ಷರಾನಾದ್ರೂ ಹೋದ್ರೆ ಅವರೇ ಹೋಗಿ ಕರೆದಂಗೆ ಅಲ್ವೇನವ್ವ?"

ಮೀನಾಕ್ಷಿಯ ಕಣ್ಣು ತುಂಬಿ ಬಂತು. ಗಂಡನ ಮೇಲಿನ ಪ್ರೀತಿಯಿಂದ ಬಂಗಾರ ಎನ್ನುತ್ತಾರೆ, ಪಾಪ... ಎಂದುಕೊಂಡಳು. ಆ ಮಾತನ್ನು ಅಲ್ಲಿಗೇ ಬಿಟ್ಟಳು.

ವಿಜಿಎಯನ್ನೇ ಆರಿಸಿದಳು. ಮಹಾಂತೇಶ್ ಹೇಳಿದನೆಂದು ಮಾತ್ರವಲ್ಲ, ಎಲ್ಲಕ್ಕಿಂತ ಚೆಂದದ ಕಾರ್ಡೇ ಇರಲಿ, ಪರದೆ ಹತ್ತಿದಾಗ ಅವನು ಇನ್ನೊಮ್ಮೆ 'ಅಬ್ಬಾ' ಅನ್ನಲಿ ಎಂಬ ಆಸೆ. ಈ ಆಸೆಯನ್ನು ಅವಳು ತನಗೂ ಹೇಳಿಕೊಂಡಿರಲಿಲ್ಲ.

ಅವನು ದಿನಾ ಮಧ್ಯಾಹ್ನ ಬರತೊಡಗಿದ. ಒಂದು ದಿನ ಖಾರ ಮಂಡಕ್ಕಿ, ಒಂದು ದಿನ ಮಿರ್ಚಿ, ಕರೆಂಟ್ ಹೋದ ದಿನ ರಟ್ಟಿನ ಬೀಸಣಿಗೆ. ಅವಳು ಕೀಲಿ ಕುಟ್ಟುತ್ತಿದ್ದರೆ ಅವನು ಪಕ್ಕದ ಕುರ್ಚಿಯಲ್ಲಿ ಸದ್ದಿಲ್ಲದೆ ಕೂತಿರುತ್ತಿದ್ದ.

"ಬೇಜಾರಾಗಲ್ವೇನ್ರಿ?"

"ಅಪ್ಪನ ಪಕ್ಕಾನೂ ಹಿಂಗೇ ಕೂಡ್ತಿದ್ದೆ ರೀ," ಎಂದ. "ಕೆಲಸ ಮಾಡೋರ ಮುಖ ನೋಡೋದು ಚಲೋ ಅನ್ನಿಸ್ತೈತೆ."

ಆ ದಿನ ಬಸ್ಸಿನಲ್ಲಿ ಹರಿಹರ ಬಂದರೂ ಇಳಿಯುವುದನ್ನೇ ಮರೆತಳು. ಕಂಡಕ್ಟರ್ ಬೈದು ಮುಂದಿನ ಸ್ಟಾಪಿನಲ್ಲಿ ಇಳಿಸಿದ.

ಹದಿಮೂರನೇ ದಿನ ಅವನು ಎರಡು ಸೀರೆ ತಂದು ಅವಳ ಮುಂದೆ ಹರವಿದ. ಒಂದು ಗಿಳಿಹಸಿರು, ಒಂದು ಕುಸುಬೆ ಕೆಂಪು.

"ಇವೆರಡರಾಗ ಲಗ್ನಕ್ಕೆ ಯಾವುದು ಒಪ್ಪುತ್ತೆ ಹೇಳ್ರಿ. ನಂಗೆ ತಿಳಿಯಲ್ಲ."

ಮೀನಾಕ್ಷಿ ಕೀಲಿಮಣೆಯಿಂದ ಕೈ ತೆಗೆದಳು.

"ಕೆಂಪು," ಎಂದಳು ಹೇಗೋ. "ಮದುಮಗಳಿಗೆ ಕೆಂಪೇ ಚೆಂದ."

ಅವನು ಖುಷಿಯಾಗಿ ಹೋದ. ಶಹರ್ಬಾನು ನಿಟ್ಟುಸಿರು ಬಿಟ್ಟಳು. "ಗಂಡಸು ತಾನೇ ನಿಂತು ಸೀರೆ ಆರಿಸ್ತಾನಂದ್ರೆ ಲಗ್ನ ಅವಂದೇ ಕಣೇ. ನಿನ್ ಹಣೇಬರಾನೇ ಇಷ್ಟು."

"ನಂಗೇನಾಗ್ಬೇಕಿತ್ತು ಬಿಡೇ!"

ಹಾಗೆಂದವಳು ಮುಖ ತೊಳೆಯುವ ನೆವದಲ್ಲಿ ಎದ್ದುಹೋದಳು. 'ಮನೇಲಿ ಲಗ್ನ' ಎಂದು ಮೊದಲ ದಿನವೇ ಹೇಳಿದ್ದನಲ್ಲ! ಪ್ರೆಸ್ಸಿನ ಸಾಹುಕಾರರ ಮಗ ಎಲ್ಲಿ, ದಿನಗೂಲಿ ದುರುಗಣ್ಣನ ಮಗಳು ಎಲ್ಲಿ? ಅವನ ಮದುವೆಯ ಪತ್ರಿಕೆಗೆ ನಾನೇ ಕೂತು ಅಕ್ಷರ ಹುಡುಕುತ್ತಿದ್ದೀನಲ್ಲ, ಶಿವನೇ...

ಅಂದಿನಿಂದ ಅವಳು ಮಾತು ಕಡಿಮೆ ಮಾಡಿದಳು. ಅವನು ತಂದ ಮಂಡಕ್ಕಿ ಹಾಗೇ ಮೆತ್ತಗಾಗುತ್ತಿತ್ತು. ತನ್ನ ತಪ್ಪೇನೆಂದು ಅವನಿಗೆ ತಿಳಿಯಲಿಲ್ಲ. ಇಷ್ಟು ಓದಿದ ಹುಡುಗಿಗೆ ಪ್ರೆಸ್ಸಿನವನು ಬಂದು ಕೂರುವುದು ಕಿರಿಕಿರಿಯಾಗಿರಬೇಕು ಎಂದುಕೊಂಡು ಕುರ್ಚಿಯನ್ನು ಒಂದು ಮಾರು ದೂರ ಎಳೆದುಕೊಂಡ.

ಹದಿನಾರನೇ ದಿನ ವಿಜಿಎ ತಯಾರಾಯಿತು. ಬಕ್ಕೇಶಪ್ಪನವರ ಪ್ರೋಗ್ರಾಮನ್ನು ಅವಳು ಒಳಗೆ ಬಿಟ್ಟಳು. ಮಹಾಂತೇಶ್ ಕೂತಲ್ಲಿಂದಲೇ ಬಗ್ಗಿ ನೋಡಿದ.

ಪರದೆ ಕಪ್ಪಾಗಿತ್ತು. ಹತ್ತು ನಿಮಿಷ ಕಾದರೂ ಕಪ್ಪು!

"ಹೋಗ್ಲಿ ಬಿಡ್ರಿ ಮೇಡಂ," ಎಂದ ಅವನು, ಅವಳ ಮುಖ ನೋಡಲಾರದೆ. "ನಿಮಗ್ಯಾಕ ಇಷ್ಟು ತ್ರಾಸ..."

"ಹ್ಞೂಂ, ಬಜಾರದ ಅಕ್ಷರದಾಗೇ ಹಾಕಿಸ್ಕೊಳ್ರಿ! ಅಕ್ಷರ ಬದಲಾದ್ರೆ ಲಗ್ನ ಏನು ನಿಲ್ಲಲ್ಲ!"

ಅವನು ಎದ್ದು, ಅಪ್ಪನ ಪೆಟ್ಟಿಗೆಯ ಮೇಲಿದ್ದ ಕಂಬಳಿಯನ್ನು ಸರಿಮಾಡಿ, ಹೊರಟುಹೋದ. ಅವನು ಮೆಟ್ಟಿಲಿಳಿಯುವ ಸದ್ದು ನಿಂತ ಮೇಲೆ ಮೀನಾಕ್ಷಿ ಬಿಕ್ಕಿಬಿಕ್ಕಿ ಅತ್ತಳು.

ಮರುದಿನ ಭಾನುವಾರ. ಹರಿಹರದ ಮನೆಗೆ ದುರುಗಣ್ಣನ ಹಳೆಯ ಗೆಳೆಯರೊಬ್ಬರು ಬಂದಿದ್ದರು. ಕಾಳವ್ವ ಸಂಭ್ರಮದಿಂದ ಹೋಳಿಗೆ ಮಾಡಿ, ತುಪ್ಪ ಸುರಿದು ಬಡಿಸಿದಳು. ಅವರು ಎಲೆಯ ಮುಂದೆ ಕೈಕಟ್ಟಿ ಕೂತೇ ಇದ್ದರು. ಒಂದು ತುತ್ತು ಎತ್ತಲಿಲ್ಲ.

"ಯಾಕಣ್ಣ, ಚಲೋ ಆಗಿಲ್ವಾ?"

"ಸಕ್ಕರೆ ಕಾಯಿಲೆ ತಂಗೀ. ಒಂದು ರೊಟ್ಟಿ, ಚೂರು ಮೊಸರು ಇದ್ರೆ ಸಾಕಿತ್ತು. ಹೇಳೋಕೆ ಸಂಕೋಚ ಆತು."

"ಅಯ್ಯೋ ನನ್ ಬುದ್ಧೀಗಿಷ್ಟು! ಕೇಳ್ಬೇಕಿತ್ತು ನಾನು. ಕೇಳದೇ ಹೋಳಿಗೆ ಬಡಿಸ್ದೆ!"

ನೀರಿನ ತಂಬಿಗೆ ಹಿಡಿದು ನಿಂತಿದ್ದ ಮೀನಾಕ್ಷಿ ಅಲ್ಲೇ ಕಲ್ಲಾದಳು.

ಆ ಪ್ರೋಗ್ರಾಮೂ ಹೀಗೇ ಕೂತಿದೆಯಾ? ಏನೋ ಬೇಕೆಂದು ಕೇಳುತ್ತಿದೆಯಾ...? ಏನು ತೋರಿಸಬೇಕು ಎಂದು ನಾನೇ ತೀರ್ಮಾನ ಮಾಡಿದೆ. ಅದಕ್ಕೆ ಏನು ಬೇಕು ಎಂದು ಕೇಳಲೇ ಇಲ್ಲವಲ್ಲ!

ಸೋಮವಾರ ಕ್ಲಾಸಿಗೆ ಎರಡು ತಾಸು ಮೊದಲೇ ಬಂದಳು. ಪ್ರೋಗ್ರಾಮ್ ಯಾವ ಹಲಗೆಯ ಬಾಗಿಲು ತಟ್ಟಿ ಏನು ಕೇಳಿದರೂ ಬರೆದಿಡು ಎಂದು ತನ್ನ ಸುಳ್ಳು ಕಂಪ್ಯೂಟರಿಗೆ ಹೇಳಿದಳು. ಓಡಿಸಿದಳು. ಪಟ್ಟಿ ಬಂತು.

ಅವಳು ಪರದೆಯ ಹತ್ತಿರ ಬಗ್ಗಿ ಓದಿದಳು.

ಒಂದೇ ಬಾಗಿಲು. ಲಕ್ಷ ಸಲ, ಎರಡು ಲಕ್ಷ ಸಲ ಅದೊಂದೇ ಬಾಗಿಲನ್ನು ಅದು ತಟ್ಟಿತ್ತು. ಒಂದೇ ಪ್ರಶ್ನೆ ಕೇಳಿತ್ತು: ಬಡಿತ ಇದೆಯಾ? ಹರ್ಕ್ಯುಲಿಸ್ ಕಾರ್ಡು ಪರದೆಯನ್ನು ಪ್ರತಿ ಸಲ ಬರೆದು ಮುಗಿಸಿದಾಗಲೂ ಆ ಬಾಗಿಲಲ್ಲಿ ಒಂದು ಸಣ್ಣ ಮಿಡಿತ ಬರುತ್ತದೆ. ಸೆಕೆಂಡಿಗೆ ಐವತ್ತು. ಬೇರೆ ಯಾವ ಕಾರ್ಡಿಗೂ ಅಲ್ಲಿ ಆ ಮಿಡಿತವಿಲ್ಲ. ಆ ನಾಡಿ ಸಿಗುವವರೆಗೂ ಕಾಯುವುದು ಎಂದು ಆ ಎಂಜಿನಿಯರ್ ಬರೆದಿಟ್ಟಿದ್ದರು. ಅದು ಕಾಯುತ್ತಲೇ ಇತ್ತು.

ಹೆಸರು ತೊಳೆದುಹೋಗಿದ್ದರೂ ಆ ಪ್ರೋಗ್ರಾಮ್ ತನ್ನ ಜೊತೆಗಾರನನ್ನು ಮರೆತಿರಲಿಲ್ಲ. ಕೈಮುಗಿಯಬೇಕು ಎನ್ನಿಸಿತು ಅವಳಿಗೆ. ಯಾರಿಗೆ ಎಂದು ತಿಳಿಯಲಿಲ್ಲ, ಸುಮ್ಮನೆ ಪರದೆಗೇ ಮುಗಿದಳು.

ಹರ್ಕ್ಯುಲಿಸ್ ಎಂಬುದು ಬಡಪಾಯಿ ಕಾರ್ಡು. ಚುಕ್ಕಿ ಹತ್ತಿದರೆ ಬೆಳಕು, ಇಲ್ಲದಿದ್ದರೆ ಕತ್ತಲೆ, ಅಷ್ಟೇ. ಅದನ್ನು ಕಟ್ಟಲು ಮೂರು ದಿನ ಸಾಕಾಯಿತು. ಆ ಒಂಟಿ ಬೆಳಕಿಗೆ ಯಾವ ಬಣ್ಣ ಕೊಡಲಿ ಎಂದು ಯೋಚಿಸುವಾಗ ಅವಳಿಗೆ ಕಸ್ತೂರಮ್ಮನ ಮಾತು ನೆನಪಾಯಿತು. ಆಗಿನ ಕಾಲದ ಒಂಟಿಬಣ್ಣದ ಮಾನಿಟರುಗಳಲ್ಲಿ ಹಸಿರೂ ಇತ್ತು, ಥೇಟ್ ಬಂಗಾರದಂಥ ಹಳದಿಗೆಂಪೂ ಇತ್ತು. ಅಯ್ಯೋ, ಆ ತಾಯಿ ಕಂಡದ್ದನ್ನು ಕಂಡಂತೆ ಹೇಳಿದ್ದರು!

ಇಪ್ಪತ್ತನೇ ದಿನ ಪ್ರೆಸ್ಸಿಗೆ ಫೋನ್ ಮಾಡಿದಳು. "ನಿಮ್ಮ ತಾಯೀನೂ ಕರ್ಕೊಂಡು ಬರ್ರಿ," ಎಂದಷ್ಟೇ ಹೇಳಿ ಇಟ್ಟಳು.

ಮಧ್ಯಾಹ್ನ ತಾಯಿ ಮಗ ಆಟೋದಲ್ಲಿ ಬಂದಿಳಿದರು. ಮಹಾಂತೇಶ್ ಬಾಗಿಲಲ್ಲೇ ನಿಂತ. ಮೀನಾಕ್ಷಿ ಅವನ ಕಡೆ ನೋಡದೆ ಒಂದು ಕೀಲಿ ಒತ್ತಿದಳು.

ಕಪ್ಪು...

ಆಮೇಲೆ ಆ ಕತ್ತಲೆಯ ನಡುವೆ ಒಂದೊಂದೇ ಚುಕ್ಕಿ ಹತ್ತುತ್ತಾ, ಗೆರೆಯಾಗುತ್ತಾ, ಬಾಗುತ್ತಾ, ಬಂಗಾರದ ಬಣ್ಣದಲ್ಲಿ ಅಕ್ಷರಗಳು ಎದ್ದು ನಿಂತವು. 'ಶ್ರೀ' ಮೊದಲು ಬಂತು. ಅದರ ಬಾಲವನ್ನು ಬಕ್ಕೇಶಪ್ಪನವರು ಕೊಂಚ ಉದ್ದ ಎಳೆದು, ಕೊನೆಗೆ ಒಂದು ಚುಕ್ಕಿ ಇಟ್ಟಿದ್ದರು.

"ಅಬ್ಬಾ...!" ಎಂದ ಮಹಾಂತೇಶ್. ಅವನ ದನಿ ಒಡೆದುಹೋಗಿತ್ತು.

ಕಸ್ತೂರಮ್ಮ ಗಾಜಿನ ಮೇಲೆ ಬೆರಳಿಟ್ಟರು. "ಇದೇ ಬಂಗಾರ... ಇದೇ ನೋಡವ್ವ! ಆ ಚುಕ್ಕಿ ಯಾಕಿಟ್ರಿ ಅಂದ್ರೆ, ನಿನ್ನ ಮೂಗುಬೊಟ್ಟು ಅಂದಿದ್ರು!"

ಇರುವುದು ಒಂದೇ ಬಣ್ಣವಾದರೂ ಅದು ಬಂಗಾರವಾದ್ದರಿಂದ ಬಕ್ಕೇಶಪ್ಪನವರು ಊರಿಗೆಲ್ಲ 'ಕಲರ್' ಎಂದು ಹೇಳಿಕೊಂಡಿದ್ದರು. ಸುಳ್ಳೇನಲ್ಲ ಬಿಡಿ. ಶಹರ್ಬಾನು ಕಣ್ಣೊರೆಸಿಕೊಂಡು ಚಹಾ ತರಲು ಹೋದಳು.

ಪ್ರೋಗ್ರಾಮಿನಲ್ಲಿ ಉಳಿದಿದ್ದ ಹಳೆಯ ಪತ್ರಿಕೆಗಳ ಪಟ್ಟಿಯ ಕೊನೆಯಲ್ಲಿ ಯಾರೂ ಅಚ್ಚು ಹಾಕದ ಎರಡು ಪತ್ರಿಕೆಗಳಿದ್ದವು. ಒಂದರ ಹೆಸರು ಐಶ್ವರ್ಯ. ಇನ್ನೊಂದರದು ಮಹಾಂತೇಶ್.

ಮೀನಾಕ್ಷಿ ಎರಡೂ ಹೆಸರನ್ನು ಓದಿದಳು. ಆಗಲಿ, ಮುಗಿಸಿಬಿಡೋಣ ಎಂದು ಎರಡನೆಯದನ್ನೇ ತೆರೆಯಹೋದಳು. ತಟ್ಟನೆ ನಿಂತಳು. ಇಲ್ಲ... ಈ ಸಲ ಕೇಳಿಯೇ ತಿಳಿಯಬೇಕು.

"ಲಗ್ನ ಯಾರದು ರೀ?"

"ಯಾರದು ಅಂದ್ರೆ? ನನ್ ತಂಗಿ ಐಶ್ವರ್ಯಂದು! ಮೊದಲ್ನೇ ದಿನಾನೇ ಹೇಳಿದ್ನಲ್ಲ!"

"ಮನೇಲಿ ಲಗ್ನ ಅಂದ್ರಿ. ಯಾರದು ಅಂತ ನೀವು ಹೇಳ್ಲಿಲ್ಲ... ನಾನೂ ಕೇಳ್ಲಿಲ್ಲ."

"ಮತ್ತೆ ನೀವು ಅದು..." ಅವನಿಗೆ ನಿಧಾನವಾಗಿ ಅರ್ಥವಾಯಿತು. "ನಂದು ಅಂದ್ಕೊಂಡ್ರಾ? ಅದಕ್ಕೇನು ಮಂಡಕ್ಕಿ ಮುಟ್ಟದೇ ಕೂತಿದ್ದು?!"

ಮೀನಾಕ್ಷಿ ತಲೆ ತಗ್ಗಿಸಿದಳು. ಕಿವಿಯವರೆಗೂ ಕೆಂಪಾಗಿತ್ತು.

"ಕೆಂಪು ಸೀರೆ ತಂಗಿಗೆ," ಎಂದ ಅವನು. "ಹಸಿರು ಸೀರೆ ವಾಪಸ್ ಕೊಟ್ಟಿಲ್ಲ. ನಿಮಗೆ ಅಂತ ಇಟ್ಕೊಂಡೀನಿ. ಕೊಡೋಕೆ ಧೈರ್ಯ ಬರ್ಲಿಲ್ಲ ಮೀನಾಕ್ಷಿ."

ಮೇಡಂ ಎನ್ನುವುದನ್ನು ಬಿಟ್ಟು ಅವನು ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳು ಗಾಬರಿಯಿಂದ ಕಸ್ತೂರಮ್ಮನ ಕಡೆ ನೋಡಿದಳು. ಆಕೆ ಇಬ್ಬರನ್ನೂ ನೋಡುತ್ತಿದ್ದರು.

"ಆ ಇನ್ನೊಂದನ್ನ ತಗಿ ನೋಡನ," ಎಂದರು ಆಕೆ.

ಮೀನಾಕ್ಷಿ ತೆರೆದಳು. 'ನಮ್ಮ ಸುಪುತ್ರ ಚಿ. ಮಹಾಂತೇಶ್' ಎಂದಿತ್ತು. ಅದರ ಮುಂದೆ 'ಚಿ. ಸೌ.' ಎಂದು ಬರೆದು, ಆಮೇಲೆ ಖಾಲಿ. ಒಂದು ಹೆಸರಿಗಲ್ಲ, ನಾಲ್ಕು ಹೆಸರಿಗಾಗುವಷ್ಟು ಖಾಲಿ. ಅಲ್ಲಿ ಒಂದು ಬಂಗಾರದ ಗೆರೆ ಮಿಟುಕುತ್ತಿತ್ತು.

"ಮಕ್ಕಳಿಬ್ಬರದೂ ಮೊದಲೇ ಮಾಡಿಟ್ಟಿದ್ರು," ಎಂದರು ಕಸ್ತೂರಮ್ಮ. "ಸೊಸೆ ಹೆಸರಿಗೆ ಎಷ್ಟು ಜಾಗ ಬಿಡ್ಲಿ ಅಂತ ಕೇಳಿದ್ರು. ಯಾರು ಬರ್ತಾರೋ, ಯಾವ ಮನೆಯಿಂದ ಬರ್ತಾರೋ ನಮಗೇನು ಗೊತ್ತು, ದೊಡ್ಡದಾಗೇ ಬಿಡ್ರಿ ಅಂದೆ ನಾನು. ಈಗ ನನ್ ಬಾಯಾರೆ ಹೇಳಿದ್ದಕ್ಕೆ ನಾನೇ ತಪ್ಪಲೇನು?"

"ಅಮ್ಮಾ... ನಾವು ನಿಮ್ಮ ಜನ ಅಲ್ಲ. ನಮ್ಮಪ್ಪ ಕೂಲಿ ಮಾಡ್ತಾರೆ."

"ಗೊತ್ತೈತೆ. ನಾಳೆ ಹತ್ತು ಜನ ಹತ್ತು ಮಾತು ಆಡ್ತಾರೆ, ಅದೂ ಗೊತ್ತೈತೆ." ಆಕೆ ಮೀನಾಕ್ಷಿಯ ತಲೆ ಸವರಿದರು. "ಹೋದ ನನ್ ಗಂಡನ್ನ ಕರೆದು ಕಣ್ಮುಂದೆ ಕೂಡ್ರಿಸಿದ ಕೈ ಇದು. ಅದಕ್ಕಿಂತ ದೊಡ್ಡ ಮನೆತನ ಯಾವುದವ್ವ?"

ಕಸ್ತೂರಮ್ಮ ಚಹಾದ ನೆವ ಹೇಳಿ ಶಹರ್ಬಾನುವಿನ ಹಿಂದೆ ಹೊರಗೆ ಹೋದರು.

ಮಹಾಂತೇಶ್ ದೂರ ಎಳೆದಿಟ್ಟಿದ್ದ ಕುರ್ಚಿಯನ್ನು ಮತ್ತೆ ಅವಳ ಪಕ್ಕಕ್ಕೆ ತಂದು ಕೂತ.

"ಕೇಳದೇ ಏನೂ ಬಡಿಸಬಾರ್ದು ಅಂತ ಕಲಿತೀನಿ," ಎಂದಳು ಅವಳು. "ಅದಕ್ಕೇ ಕೇಳ್ತೀನಿ. ಅಲ್ಲಿ ಯಾರ ಹೆಸರು ಇರ್ಬೇಕು ನಿಮಗೆ?"

"ನೀವೇ ಬರೀರಿ. ಅಪ್ಪನ ಅಕ್ಷರದಾಗ ನೋಡ್ಬೇಕು ನಾನು."

ಅವಳು ಬರೆದಳು. ಮೀನಾಕ್ಷಿ. ಬಕ್ಕೇಶಪ್ಪನವರ ಕೈಬರಹದಲ್ಲಿ, ಬಂಗಾರದ ಬಣ್ಣದಲ್ಲಿ, ಎಂದೂ ಕಾಣದ ಮಾವ ತನ್ನ ಹೆಸರು ಬರೆದಂತೆ ಕಂಡಿತು.

"ಇನ್ನೂ ಇಷ್ಟು ಜಾಗ ಉಳೀತಲ್ಲರೀ," ಎಂದಳು ಮೆಲ್ಲಗೆ.

"ಅದು ನಿಮ್ಮಪ್ಪ ಅವ್ವನ ಹೆಸರಿಗೆ."

"ಅವರನ್ನ ಮೊದಲು ಕೇಳ್ಬೇಕು."

"ನಾಳೇನೇ ಹರಿಹರಕ್ಕೆ ಬರ್ತೀವಿ. ಐಶ್ವರ್ಯನ ಮೊದಲ್ನೇ ಪತ್ರಿಕೆ ನಿಮ್ಮ ಮನೇಗೇ ಕೊಟ್ಟು, ಕೇಳ್ತೀವಿ." ಅವನ ಎಡಗೆನ್ನೆಯಲ್ಲಿ ಗುಳಿ ಬಿತ್ತು. "ಬರುವಾಗ ಏನು ತರ್ಲಿ?"

"ಏನೂ ಬ್ಯಾಡ... ಆ ಹಸಿರು ಸೀರೆ ಒಂದು ತರ್ರಿ." ಅವಳು ಕಣ್ಣೊರೆಸಿಕೊಂಡು ನಕ್ಕಳು. "ದೇವರಾಣೆ ಹೇಳ್ತೀನಿ, ತೊಳೀಬ್ಯಾಡ್ರಿ ಅದನ್ನ!"